ಫೋನ್ ಎತ್ತಿ, ಇದು ಶುಲ್ಕದ ಕರೆಯಲ್ಲ

ಶವಸಂಸ್ಕಾರ ಕಳೆದ ಮೇಲಿನ ಮೊದಲ ಮಾಮೂಲಿ ಬೆಳಗು. ನೆಂಟರೆಲ್ಲ ತಮ್ಮ ತಮ್ಮ ಊರಿಗೆ ಹೋಗಿದ್ದಾರೆ. ಕಸದ ಚೀಲ ಹಿಡಿದು ಕೆಳಗಿಳಿದಾಗ, ಕಟ್ಟಡದ ಬಾಗಿಲಿಗೆ ಅಂಟಿಸಿದ ಮರಣದ ಹಾಳೆಯ ಒಂದು ಮೂಲೆ ಬಿಟ್ಟುಕೊಂಡಿರುವುದು ಕಾಣುತ್ತದೆ. ಹೆಬ್ಬೆರಳಿನಿಂದ ಒತ್ತುತ್ತೇನೆ. ಹಾಳೆಯ ಮೇಲಿನ ಫೋಟೊದಲ್ಲಿ ನನ್ನ ಗಂಡ ಆಸೆನ್ ಯಾರದೋ ಮದುವೆಯಲ್ಲಿ ನಗುತ್ತಿದ್ದಾನೆ. ಚೀಲವನ್ನು ತೊಟ್ಟಿಗೆ ಹಾಕಿ ಕಾರು ಹತ್ತುತ್ತೇನೆ. ಕೋಟಿನ ಒಂದು ಜೇಬಿನಲ್ಲಿ ಅವನ ಫೋನ್ ಇದೆ. ಇನ್ನೊಂದರಲ್ಲಿ ಒಂದು ಅಲೆನ್ ಕೀ.

ಸ್ಕ್ರೂ ತಿರುಗಿಸುವ, ಬೆರಳುದ್ದದ, ತುದಿ ಬಾಗಿದ ಕಬ್ಬಿಣದ ಕಡ್ಡಿ. ಅದಕ್ಕೆ ಕೆಂಪು ಬಿಳಿ ದಾರ ಸುತ್ತಿದೆ. ಮಾರ್ಚ್ ಮೊದಲ ದಿನ ಒಬ್ಬರಿಗೊಬ್ಬರು ಕೈಗೆ ಕಟ್ಟುವ ಮಾರ್ತೆನಿತ್ಸಾ ದಾರ. ಆಸ್ಪತ್ರೆಯವರು ಕೊಟ್ಟ ಬಟ್ಟೆಯ ಪೊಟ್ಟಣದಲ್ಲಿ, ಜಾಕೆಟ್ಟಿನ ಒಳಜೇಬಿನಲ್ಲಿ ಸಿಕ್ಕಿತು. ಅದು ನಮ್ಮ ಮನೆಯದಲ್ಲ. ಕಬ್ಬಿಣದ ಸಾಮಾನಿಗೆ ದಾರ ಸುತ್ತುವವರು ಸೋಫಿಯಾ ನಗರದಲ್ಲಿ ಒಬ್ಬರೇ ಇದ್ದಾರೆ ಎಂದು ಆಸೆನ್ ಹೇಳಿದ್ದ. "ಬೈಕ್ ಶೋರೂಮಿನ ಕೌಂಟರಲ್ಲಿ ಕೂರ್ತಾರಲ್ಲ, ಆಯಮ್ಮ. ಅವರ ಡ್ರಾಯರಿನಲ್ಲಿರೋ ಕತ್ತರಿಗೂ ದಾರ ಇದೆ. ಯಾರು ಕದ್ದರೂ ಅವರಿಗೆ ಗೊತ್ತಾಗುತ್ತಂತೆ."

ನಗರದಿಂದ ಹೊರಗೆ ಹೋಗುವ ದೊಡ್ಡ ರಸ್ತೆಯ ಬದಿಗೆ ಆ ಶೋರೂಮು. ನಾನು ತಲುಪಿದಾಗ ಇನ್ನೂ ಪೂರ್ತಿ ಬೆಳಕಾಗಿಲ್ಲ. ಕೌಂಟರಿನ ಆ ಹೆಂಗಸು, ದೊನ್ಕಾ ಮನೊಲೊವಾ, ಶಟರನ್ನು ಎರಡೂ ಕೈಗಳಿಂದ ಮೇಲಕ್ಕೆ ನೂಕುತ್ತಿದ್ದಾರೆ. ಅದು ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಭುಜ ಕೊಟ್ಟು, ಬೈದು, ಮತ್ತೆ ನೂಕುತ್ತಾರೆ. ವಯಸ್ಸು ಐವತ್ತು ದಾಟಿದೆ, ಒಂದು ಮಂಡಿ ಊದಿದೆ. ಒಳಗೆ ಹೋದವರೇ ದೀಪ ಹಾಕುವುದಿಲ್ಲ. ಮೊದಲು ಗಾಜಿನ ಗೋಡೆಯ ಹತ್ತಿರ ಹೋಗಿ ವಿತೊಶಾ ಬೆಟ್ಟವನ್ನು ನೋಡುತ್ತಾರೆ. ನೆತ್ತಿಯ ಮೇಲೆ ಮೋಡ ಕೂತಿದೆ.

"ಮಧ್ಯಾಹ್ನದೊಳಗೆ ಮಳೆ" ಎನ್ನುತ್ತಾರೆ ತಮಗೆ ತಾವೇ. ಆಮೇಲೆ ತಿರುಗಿ ನನ್ನ ಕಪ್ಪು ಬಟ್ಟೆ ನೋಡುತ್ತಾರೆ, ಮುಖ ನೋಡುತ್ತಾರೆ. ಶವಸಂಸ್ಕಾರಕ್ಕೆ ಬಂದು ಹಿಂದೆ ನಿಂತು ಹೋಗಿದ್ದರಂತೆ, ನನಗೆ ನೆನಪಿಲ್ಲ. "ಬಾ ಇಸ್ಕ್ರಾ, ಕೂತ್ಕೋ. ಏನಾದ್ರೂ ತಿಂದ್ಯಾ?" ಕಾಗದದಲ್ಲಿ ಸುತ್ತಿದ ಬಾನಿತ್ಸಾ ರೊಟ್ಟಿಯನ್ನು ಮುರಿದು ದೊಡ್ಡ ತುಂಡನ್ನು ನನ್ನ ಮುಂದೆ ಇಡುತ್ತಾರೆ. ಒಳಗಿನ ಚೀಸ್ ಇನ್ನೂ ಬಿಸಿ ಇದೆ.

ನಾನು ಪತ್ರಿಕೆಯ ವಾರದ ಪುರವಣಿಗೆ ಬರೆಯುತ್ತೇನೆಂದು, ಅವರ ಕೆಲಸ ನೋಡಬೇಕೆಂದು ಹೇಳುತ್ತೇನೆ. ಎರಡೂ ನಿಜ. ಕೀ ಜೇಬಿನಲ್ಲೇ ಇದೆ.

"ನನ್ನ ಬಗ್ಗೆ ಏನ್ ಬರೀತೀಯ? ಬೈಸ್ಕೊಳ್ಳೋದೇ ನನ್ನ ಕೆಲಸ" ಎನ್ನುತ್ತಾರೆ ದೊನ್ಕಾ.

ಬೈಗುಳ ಬಾಗಿಲು ತೆರೆದ ಕೂಡಲೇ ಬರುತ್ತದೆ. ಇವತ್ತು ಮೊದಲು ಬಂದವರು ಒಬ್ಬ ಅಪ್ಪ ಮತ್ತು ಮಗಳು. ಮಗಳ ಹೊಸ ಬೈಕ್ ಬಾಗಿಲ ಬಳಿ ನಿಂತಿದೆ, ಅವಳು ಅದರ ಸೀಟು ಸವರುತ್ತಿದ್ದಾಳೆ. ಅಪ್ಪ ಕೌಂಟರಿನ ಮೇಲೆ ಬಿಲ್ಲನ್ನು ಬಡಿಯುತ್ತಾನೆ.

"ಇದೇನಿದು, ಜೋಡಣೆ ಶುಲ್ಕ? ನಾನು ಕೊಂಡಿದ್ದು ಬೈಕು. ಬಿಡಿಭಾಗ ಅಲ್ಲ."

"ಪೆಟ್ಟಿಗೇಲಿ ಬರುತ್ತೆ ಸ್ವಾಮಿ. ಮುಂದಿನ ಚಕ್ರ ಬಿಚ್ಚಿರುತ್ತೆ."

"ಹಾಗಾದ್ರೆ ಪೆಟ್ಟಿಗೇಲೇ ಕೊಡಿ. ನಾನೇ ಜೋಡಿಸ್ಕೊತೀನಿ."

"ಪೆಟ್ಟಿಗೆ ವಿಲೇವಾರಿಗೂ ಒಂದು ಶುಲ್ಕ ಇದೆ. ಕೆಳಗಡೆ ನೋಡಿ."

"ಇಲ್ಲಿ ಉಸಿರಾಡಿದ್ದಕ್ಕೆ?"

"ಗಾಳಿ ಬಿಟ್ಟಿ. ಟೈರಿಗೆ ತುಂಬಿದ್ರೆ ಮಾತ್ರ ಕಾಸು."

ಅವನಿಗೆ ನಗಬಾರದೆಂದಿದ್ದರೂ ನಗು ಬರುತ್ತದೆ. ದೊನ್ಕಾ ನಗುವುದಿಲ್ಲ. ಎಣ್ಣೆ ಅಳೆಯುವ ಪ್ಲಾಸ್ಟಿಕ್ ಜಗ್ಗನ್ನು ಉಜ್ಜಿ ತೊಳೆದು, ನೀರು ತುಂಬಿ ಹೊರಗೆ ತರುತ್ತಾರೆ. ಬೈಕಿನ ಮುಂದೆ, ಹೋಗುವ ದಾರಿಯ ಮೇಲೆ ಉದ್ದಕ್ಕೆ ಸುರಿಯುತ್ತಾರೆ. ಹೊಸದಾಗಿ ಹೊರಟವರ ದಾರಿ ನೀರಿನಷ್ಟು ಸರಾಗವಾಗಿರಲಿ ಎಂದು ಎಲ್ಲ ಮನೆಗಳಲ್ಲೂ ಮಾಡುವ ಶಾಸ್ತ್ರ. ಅದು ಶೋರೂಮಿನ ಕೆಲಸದಲ್ಲಿ ಸೇರಿಲ್ಲ. ಹುಡುಗಿಯ ಮುಂಗೈ ಹಿಡಿದು ಹೇಳುತ್ತಾರೆ: "ಆ ಕಿತ್ತಳೆ ದೀಪ ನೋಡಿದ್ಯಾ, ಮರಿ? ಗಾಡಿ ಹೊರಟ ತಕ್ಷಣ ಆರಬೇಕು. ಆರದೇ ಇದ್ರೆ ಓಡಿಸಬೇಡ, ನಂಗೆ ಫೋನ್ ಮಾಡು. ಯಾರು ಏನೇ ಉಪಾಯ ಹೇಳಿದ್ರೂ ಕೇಳ್ಬೇಡ."

ಹುಡುಗಿ ಹೋದ ಮೇಲೂ ನೀರಿನ ಗೆರೆಯನ್ನು ನೋಡುತ್ತ ನಿಲ್ಲುತ್ತಾರೆ. "ಮೊದಲೆಲ್ಲ ನೀರು ಸುರಿದು ಒಳಗೆ ಬರ್ತಿದ್ದೆ. ಈಗ ದೀಪದ ಮಾತೂ ಸೇರ್ಕೊಂಡಿದೆ."

ಬೆಲೆ ಹೇಳುವುದು ಮಾರಾಟದ ಹುಡುಗರು. ಅವರು ಸೂಟು ಹಾಕಿಕೊಂಡು, ಕಾಫಿ ಕೊಟ್ಟು, ಬೈಕಿನ ಮೇಲೆ ಕೂರಿಸಿ ಹೇಳುತ್ತಾರೆ. ಸಾಗಣೆ, ಜೋಡಣೆ, ದಾಖಲೆ, ನಂಬರ್ ಪ್ಲೇಟಿನ ಚೌಕಟ್ಟು, ಇವುಗಳ ಶುಲ್ಕವನ್ನು ಆಮೇಲೆ ಫೋನ್ ಮಾಡಿ ಹೇಳುವವರು ದೊನ್ಕಾ. ಜನರಿಗೆ ನೆನಪಿರುವುದು ಇವರ ದನಿ. ಒಬ್ಬ ಇವರ ನಂಬರನ್ನು "ಜಿಗಣೆ" ಎಂದು ಉಳಿಸಿಕೊಂಡಿದ್ದನ್ನು ಕೌಂಟರಿನ ಈಚೆಯಿಂದಲೇ ನೋಡಿದ್ದಾರೆ. "ಬೇಜಾರಾಗಲಿಲ್ಲ. ರಕ್ತ ಕುಡಿಯೋದು ನಾನಲ್ಲ, ಆದ್ರೆ ಬಾಯಿ ನಂದೇ ಅಲ್ವಾ?"

ಇದಕ್ಕಿಂತ ದೊಡ್ಡ ಜಗಳ ಮೊದಲ ಸರ್ವಿಸಿನದು. ಹೊಸ ಎಂಜಿನ್ನು ಹೊಂದಿಕೊಳ್ಳುವಾಗ ಲೋಹದ ಸಣ್ಣ ಪುಡಿ ಎಣ್ಣೆಗಿಳಿಯುತ್ತದೆ. ಸಾವಿರ ಕಿಲೋಮೀಟರಿನ ಸುಮಾರಿಗೆ ಆ ಎಣ್ಣೆ ಚೆಲ್ಲಿ, ಬೋಲ್ಟು ಬಿಗಿಮಾಡಿ, ಪುಸ್ತಕದಲ್ಲಿ ಮುದ್ರೆ ಒತ್ತಿಸಿಕೊಳ್ಳಬೇಕು. ತಡವಾದರೆ ವಾರಂಟಿ ಇಲ್ಲ. ಆದರೆ ಎಲ್ಲರೂ ಬೈಕ್ ಕೊಳ್ಳುವುದು ಚಳಿ ಮುಗಿದ ಕೂಡಲೇ. ಸಾವಿರವೂ ಎಲ್ಲರದೂ ಒಟ್ಟಿಗೇ ಆಗುತ್ತದೆ. ವರ್ಕ್‌ಶಾಪಿನಲ್ಲಿರುವುದು ಇಬ್ಬರು ಮೆಕ್ಯಾನಿಕ್‌ಗಳು. ಸರದಿ ಸಿಗುವುದು ವಾರಗಟ್ಟಲೆ ಆಚೆಗೆ. "ಅಲ್ಲೀವರೆಗೆ ಓಡಿಸಬೇಡಿ ಅಂತೀನಿ. ಕೆಲಸಕ್ಕೆ ನಿಮ್ಮ ಬೆನ್ನ ಮೇಲೆ ಹೋಗಲಾ ಅಂತಾರೆ. ಅವರು ಹೇಳೋದೂ ಸರಿಯೇ."

ಅದಕ್ಕೆ ಉಪಾಯ ಕಂಡುಹಿಡಿದವರು ಯಾರೋ ಗೊತ್ತಿಲ್ಲ. ಹೊಸ ಬೈಕಿನವರದೇ ಒಂದು ಗುಂಪು ಫೋನಿನಲ್ಲಿದೆ, ಅಲ್ಲಿಂದ ಹಬ್ಬಿತು. ಮುಂದಿನ ಚಕ್ರದ ಬಳಿ ಒಂದು ಪುಟ್ಟ ಸೆನ್ಸರ್ ಇರುತ್ತದೆ. ಚಕ್ರ ತಿರುಗಿದ್ದನ್ನು ಅದು ಹೇಳಿದರೆ ತಾನೆ ಕಿಲೋಮೀಟರ್ ಏರುವುದು? ಪ್ಲಾಸ್ಟಿಕ್ ಮುಚ್ಚಳದ ಸ್ಕ್ರೂ ತೆಗೆದು ಅದರ ತಂತಿ ಕಿತ್ತರೆ ಮೀಟರು ನಿಲ್ಲುತ್ತದೆ. ಸರದಿ ಬಂದಾಗ ಮತ್ತೆ ಸಿಕ್ಕಿಸಿದರಾಯಿತು. ಒಂದು ಅಲೆನ್ ಕೀ ಸಾಕು. ಆದರೆ ಬ್ರೇಕನ್ನು ಕಾಯುವ ಎಬಿಎಸ್ಸಿಗೂ ಅದೇ ಸೆನ್ಸರೇ ಕಣ್ಣು. ತಂತಿ ಕಿತ್ತ ಮೇಲೆ, ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವವರು ಯಾರೂ ಇಲ್ಲ. ಕಿತ್ತಳೆ ದೀಪ ಹತ್ತಿಕೊಂಡೇ ಇರುತ್ತದೆ. ಕಣ್ಣಿಗೆ ಚುಚ್ಚುತ್ತದೆಂದು ಅದರ ಮೇಲೆ ಕಪ್ಪು ಟೇಪು ಅಂಟಿಸುತ್ತಾರೆ.

ಆಸೆನ್ ಲಿಫ್ಟ್ ರಿಪೇರಿ ಮಾಡುತ್ತಿದ್ದ. ಇಲ್ಲಿ ಕೊಂಡ ಹೊಸ ಬೈಕಿನಲ್ಲಿ ದಿನವೂ ನಗರದ ಈ ತುದಿಯಿಂದ ಆ ತುದಿಗೆ ಹೋಗಬೇಕಿತ್ತು. ಮೊದಲ ಸರ್ವಿಸಿನ ಸರದಿ ಸಿಕ್ಕಿದ್ದು ಬರುವ ಬುಧವಾರಕ್ಕೆ. ನಗರದ ನಡುವಿನ, ಒದ್ದೆಯಾದರೆ ಜಾರುವ ಹಳದಿ ಕಲ್ಲುಹಾಸಿನ ಮೇಲೆ, ಸಣ್ಣ ಮಳೆಯಲ್ಲಿ, ಮುಂದಿನ ಚಕ್ರ ಕಚ್ಚಿಕೊಂಡು ಬಿದ್ದ. ತಂತಿ ಕಿತ್ತಿತ್ತು, ದೀಪಕ್ಕೆ ಟೇಪು ಇತ್ತು ಎಂದು ಪೊಲೀಸರು ಹೇಳಿದರು. ತಂತಿ ಇದ್ದಿದ್ದರೆ ಉಳಿಯುತ್ತಿದ್ದನೇ ಎಂದು ಕೇಳಿದೆ. ಹೇಳಲು ಬರುವುದಿಲ್ಲ ಎಂದರು.

ಆ ಸುದ್ದಿ ಶೋರೂಮಿಗೆ ಬಂದ ದಿನದಿಂದ ದೊನ್ಕಾ ಸರದಿಯಲ್ಲಿರುವ ಪ್ರತಿಯೊಬ್ಬರಿಗೂ ಫೋನ್ ಮಾಡುತ್ತಿದ್ದಾರೆ. ಹಾಗೆ ಮಾಡಲು ಅವರಿಗೆ ಅಪ್ಪಣೆ ಇಲ್ಲ. ಮ್ಯಾನೇಜರ್ ಗೆಚೆವ್ ಕರೆದು ಹೇಳಿದ್ದಾರೆ: ಸರದಿ ಮತ್ತು ಬಾಕಿ, ಇವೆರಡು ಬಿಟ್ಟು ಫೋನಿನಲ್ಲಿ ಬೇರೆ ಮಾತು ಬೇಡ, ದೀಪದ ಮಾತೆತ್ತಿದರೆ ತಪ್ಪು ನಮ್ಮದೇ ಎಂದು ಒಪ್ಪಿಕೊಂಡ ಹಾಗಾಗುತ್ತದೆ.

"ಒಪ್ಕೋಬೇಡಿ ಸಾರ್, ನಾನು ಬರೀ ದೀಪ ಉರೀತಿದ್ಯಾ ಅಂತ ಕೇಳ್ತೀನಿ ಅಂದೆ. ಕೆಲಸ ಕಳ್ಕೋತೀಯ ದೊನ್ಕಾ ಅಂದ್ರು. ಮಂಡಿ ಹೋಯ್ತು, ಕೆಲಸ ಯಾವ ಲೆಕ್ಕ ಅಂದೆ." ಆಮೇಲೆ ದನಿ ತಗ್ಗಿಸುತ್ತಾರೆ. "ಹಾಗಂದೆ ಅಷ್ಟೆ. ಮೂರು ರಾತ್ರಿ ನಿದ್ದೆ ಬಂದಿಲ್ಲ."

ಇದನ್ನು ಬರೆಯಬಹುದೇ ಎಂದು ಕೇಳುತ್ತೇನೆ. ಚಹಾದ ಲೋಟದಲ್ಲಿ ಲಿಂಡೆನ್ ಹೂವು ತಿರುವುತ್ತ ಯೋಚಿಸುತ್ತಾರೆ. "ಬರಿ. ಓದೋರು ಓದ್ತಾರೆ. ಫೋನಂತೂ ಎತ್ತಲ್ಲ."

ಅವರು ಬೆಳೆದದ್ದೇ ಫೋನಿನ ಜೊತೆ. ಇಪ್ಪತ್ತರ ವಯಸ್ಸಿಗೆ ದೂರವಾಣಿ ವಿನಿಮಯ ಕೇಂದ್ರದಲ್ಲಿ ತಂತಿ ಸಿಕ್ಕಿಸುವ ಕೆಲಸ. ಕೇಂದ್ರ ಮುಚ್ಚಿದ ಮೇಲೆ ಟ್ಯಾಕ್ಸಿಗಳ ರೇಡಿಯೊ ಮುಂದೆ ರಾತ್ರಿಪಾಳಿ. ಅದೂ ನಿಂತ ಮೇಲೆ ಈ ಕೌಂಟರು. ನೌಕರರೂ ಗಿರಾಕಿಗಳೂ ಅವರನ್ನು ಲೆಲ್ಯಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಾರೆ. ಆಚೆ ಬದಿಯ ಸದ್ದಿನಲ್ಲೇ ಅವರಿಗೆ ಬಹಳಷ್ಟು ತಿಳಿಯುತ್ತದೆ. ನನ್ನೆದುರೇ ಒಬ್ಬನಿಗೆ ಹೇಳುತ್ತಾರೆ: "ಗಾಡಿ ನಿಲ್ಲಿಸಿ ಮಾತಾಡು, ಮಗಾ. ಹೆಲ್ಮೆಟ್ಟೊಳಗೆ ಫೋನ್ ತುರುಕಿದೀಯ."

"ಇಲ್ಲ ಲೆಲ್ಯಾ, ಮನೇಲಿದೀನಿ!"

"ನಿಮ್ಮನೇಲಿ ಟ್ರಾಮ್ ಓಡುತ್ತಾ?"

ನಕ್ಕು ನಿಲ್ಲಿಸುತ್ತಾನೆ. ಅವನ ದೀಪ ಉರಿಯುತ್ತಿಲ್ಲ. ದೊನ್ಕಾ ಉಸಿರು ಬಿಟ್ಟು ಇನ್ನೊಂದು ನಂಬರ್ ಒತ್ತುತ್ತಾರೆ. ತಂತಿ ಕಿತ್ತವರು ಕೆಲವರು ಸಿಕ್ಕಿದ್ದಾರೆ. ಬೈದಿದ್ದಾರೆ, ನಾಚಿದ್ದಾರೆ, ಮತ್ತೆ ಸಿಕ್ಕಿಸಿಕೊಂಡಿದ್ದಾರೆ. ಹನ್ನೊಂದು ಗಂಟೆಯ ಹೊತ್ತಿಗೆ ಉಳಿದವನು ಒಬ್ಬ. ಪ್ಲಾಮೆನ್ ರಾಂಗೆಲೊವ್. ಐವತ್ತು ದಾಟಿದವನು. ಚಿಕಿತ್ಸಾಲಯಗಳಿಂದ ರಕ್ತದ ಮಾದರಿ ತೆಗೆದುಕೊಂಡು ಲ್ಯಾಬಿಗೆ ಮುಟ್ಟಿಸುವ ಕೊರಿಯರ್. ಯಾವ ಚಿಕಿತ್ಸಾಲಯ, ಯಾವ ಲ್ಯಾಬು ಎಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ಹೋದ ತಿಂಗಳು ಬಂದಾಗ ಮೀಟರು ಒಂಬೈನೂರು ದಾಟಿತ್ತು. ಸರದಿ ದೂರವಿದೆ ಎಂದಾಗ ಎಲ್ಲರೂ ಕೂಗಾಡುವಂತೆ ಕೂಗಾಡಲಿಲ್ಲ. "ಆಗ್ಲಿ ಬಿಡಿ, ದಾರಿ ಇದೆ ಅಂತ ನಕ್ಕು ಹೋದ. ಆ ನಗು ಈಗ ಅರ್ಥ ಆಗ್ತಿದೆ" ಎನ್ನುತ್ತಾರೆ ದೊನ್ಕಾ.

ಅವನು ಫೋನ್ ಎತ್ತುತ್ತಿಲ್ಲ. ರಿಂಗು ಎರಡು ಸಲ ಹೋಗಿ ಕಡಿಯುತ್ತದೆ. ಎಂದರೆ ನೋಡಿ ಕಡಿಯುತ್ತಿದ್ದಾನೆ. ಹಿಂದಿನ ಸಲ ಇವರು ಫೋನ್ ಮಾಡಿದ್ದು ನಂಬರ್ ಪ್ಲೇಟಿನ ಚೌಕಟ್ಟಿನ ಶುಲ್ಕ ಬಾಕಿ ಇದೆಯೆಂದು ಹೇಳಲು. ಅದಕ್ಕೂ ಹಿಂದಿನದು ಸಾಗಣೆಯ ವ್ಯತ್ಯಾಸದ ಮೊತ್ತಕ್ಕೆ. ಸಂದೇಶ ಕಳಿಸಿದರೆ ತೆರೆದು ನೋಡುವುದಿಲ್ಲ. ಒಳಗಿನಿಂದ ಮೆಕ್ಯಾನಿಕ್ ಸ್ತಾಂಚೊ ಕೈ ಒರೆಸುತ್ತ ಬಂದು ತನ್ನ ಫೋನಿನಿಂದ ಪ್ರಯತ್ನಿಸುತ್ತಾನೆ. ನಾನು ನನ್ನದರಿಂದ ಪ್ರಯತ್ನಿಸುತ್ತೇನೆ. ಗೊತ್ತಿಲ್ಲದ ನಂಬರುಗಳನ್ನೂ ಅವನು ಎತ್ತುವುದಿಲ್ಲ.

"ಎತ್ತೋ ಪುಣ್ಯಾತ್ಮ, ಎತ್ತು" ಎನ್ನುತ್ತಾರೆ ದೊನ್ಕಾ. ಬೆಟ್ಟ ಅರ್ಧ ಕಾಣುತ್ತಿಲ್ಲ. ಗಾಜಿನ ಮೇಲೆ ಮೊದಲ ಹನಿ ಬೀಳುತ್ತದೆ. ಅವರು ಕುಳಿತಲ್ಲಿ ಕೂರುತ್ತಿಲ್ಲ. ಕೌಂಟರಿನ ಈ ಕೊನೆಯಿಂದ ಆ ಕೊನೆಗೆ ಕುಂಟುತ್ತ ಹೋಗಿ ಬರುತ್ತಾರೆ. "ಇನ್ನೊಂದು ಹಾಳೆ ನನ್ನಿಂದ ನೋಡೋಕಾಗಲ್ಲ" ಎಂದವರು ನನ್ನ ಮುಖ ನೋಡಿ ಬಾಯಿ ಮುಚ್ಚುತ್ತಾರೆ. ಬಾಗಿಲಿಗೆ ಅಂಟಿಸುವ ಮರಣದ ಹಾಳೆಯ ಮಾತು.

ಆಗ ನನಗೆ ಹೊಳೆಯುತ್ತದೆ. ಆಸೆನ್ ಕೂಡ ಹೊಸ ಬೈಕಿನವರ ಆ ಗುಂಪಿನಲ್ಲಿದ್ದ. ಅವನ ಫೋನ್ ತೆಗೆಯುತ್ತೇನೆ. ಯಾಕೋ ದಿನವೂ ಚಾರ್ಜ್ ಮಾಡುತ್ತಿದ್ದೇನೆ. "ಪ್ಲಾಮೆನ್, ರಕ್ತದವನು" ಎಂದು ಹೆಸರಿದೆ. ಇಬ್ಬರೂ ಮಾತಾಡಿಕೊಳ್ಳುತ್ತಿದ್ದರು ಎಂದಾಯಿತು. ಗುಂಪಿನಲ್ಲಿ ಸಾವಿನ ಸುದ್ದಿ ಹಾಕಿಲ್ಲ. ಹಾಕಬೇಕಾದವಳು ನಾನು.

ದೊನ್ಕಾ ನನ್ನ ಕೈ ಹಿಡಿಯುತ್ತಾರೆ. "ಅವನು ಓಡಿಸ್ತಿದ್ರೆ ಮೊದಲು ನಿಲ್ಲಿಸೋಕೆ ಹೇಳು. ಸುದ್ದಿ ಆಮೇಲೆ. ಓಡಿಸ್ತಿರೋರ ಕಿವಿಗೆ ಸಾವಿನ ಸುದ್ದಿ ಹಾಕ್ಬಾರ್ದು. ಟ್ಯಾಕ್ಸಿ ರೇಡಿಯೊ ಮುಂದೆ ಅದನ್ನೇ ಕಲ್ತಿದ್ದು." ಫೋನನ್ನು ಇಬ್ಬರ ನಡುವೆ ಇಡುತ್ತಾರೆ.

ಎರಡನೇ ರಿಂಗಿಗೆ ಎತ್ತುತ್ತಾನೆ. "ಆಸೆನ್! ಎಲ್ಲಿ ಸತ್ತೋಗಿದ್ಯೋ ಮಾರಾಯ? ಸರದಿ ಸಿಕ್ತಾ?"

ಗಾಳಿಯ ಸದ್ದು. ದೊನ್ಕಾ ಒಂದು ಬೆರಳನ್ನು ಮುಂದಕ್ಕೆ ಚಲಿಸುತ್ತಾರೆ: ಓಡಿಸುತ್ತಿದ್ದಾನೆ. ಇನ್ನಷ್ಟು ಆಲಿಸಿ ಅಂಗೈಯನ್ನು ಓರೆ ಮಾಡುತ್ತಾರೆ: ಇಳಿಜಾರು.

"ನಾನು ಇಸ್ಕ್ರಾ. ಆಸೆನ್ ಹೆಂಡತಿ. ಗಾಡಿ ಬದಿಗೆ ನಿಲ್ಲಿಸಿ" ಎನ್ನುತ್ತೇನೆ.

"ಓ, ನಮಸ್ಕಾರಮ್ಮ. ಅವನೆಲ್ಲಿ?"

"ನಿಲ್ಲಿಸಿ, ಹೇಳ್ತೀನಿ."

"ಈಗ ಆಗಲ್ಲ ತಾಯೀ, ಡಬ್ಬೀಲಿ ಜನರ ರಕ್ತ ಇದೆ. ಲ್ಯಾಬಿನವರು ಕಾಯ್ತಿದ್ದಾರೆ. ಅರ್ಧ ಗಂಟೆ ಬಿಟ್ಟು..."

ದೊನ್ಕಾ ಬಾಗಿ, ನಾನು ಅಲ್ಲಿಯವರೆಗೆ ಕೇಳಿರದ ದನಿಯಲ್ಲಿ ಹೇಳುತ್ತಾರೆ. ಕೂಗುವುದಿಲ್ಲ. "ಪ್ಲಾಮೆನ್. ರಸ್ತೆಯ ಬಲ ಅಂಚಿಗೆ ತಗೋ. ಹಿಂದಿನ ಬ್ರೇಕ್ ಮೆತ್ತಗೆ. ಮುಂದಿನದು ಮುಟ್ಟಬೇಡ. ನಿಧಾನ. ಇನ್ನೂ ನಿಧಾನ. ನಿಂತ್ಯಾ?"

ಎಂಜಿನ್ನಿನ ಸದ್ದು ಇನ್ನೂ ಇದೆ. ಮಳೆ ಎರಡೂ ಕಡೆ ಬೀಳುತ್ತಿದೆ; ಇಲ್ಲಿಯದು ಯಾವುದು, ಅಲ್ಲಿಯದು ಯಾವುದು ಎಂದು ತಿಳಿಯುತ್ತಿಲ್ಲ. ದೊನ್ಕಾ ಕಣ್ಣು ಮುಚ್ಚಿದ್ದಾರೆ. ಸ್ತಾಂಚೊ ಚಿಂದಿಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಾನೆ. ಆಮೇಲೆ ಎಂಜಿನ್ನಿನ ಸದ್ದು ನಿಲ್ಲುತ್ತದೆ.

"ನಿಂತೆ" ಎನ್ನುತ್ತಾನೆ ಪ್ಲಾಮೆನ್. "ಏನಾಗಿದೆ ನಿಮಗೆಲ್ಲ?"

ನಾನು ಹೇಳುತ್ತೇನೆ. ನಾಲ್ಕು ಮಾತಿನಲ್ಲಿ ಮುಗಿಯುತ್ತದೆ. ಎಲ್ಲಿದ್ದೀಯ ಎಂದು ದೊನ್ಕಾ ಕೇಳುತ್ತಾರೆ. ಲೊಜೆನೆತ್ಸ್ ಬಡಾವಣೆಯ ಇಳಿಜಾರಿನಲ್ಲಿ ಒಂದು ಔಷಧದಂಗಡಿಯ ಚಾವಣಿಯ ಕೆಳಗೆ ಇದ್ದೇನೆ ಎನ್ನುತ್ತಾನೆ. ಕೆಳಗೆ ಇಳಿದರೆ ಟ್ರಾಮ್ ಹಳಿ, ಅದನ್ನು ದಾಟಿದರೆ ಹಳದಿ ಕಲ್ಲು.

"ಅಲ್ಲೇ ಇರು. ಬರ್ತೀವಿ" ಎನ್ನುತ್ತಾರೆ ದೊನ್ಕಾ. ಕೋಟು ತೊಟ್ಟು, ಕೈಚೀಲಕ್ಕೆ ಟಾರ್ಚು, ಟೇಪು, ಒಣ ಬಟ್ಟೆ ತುರುಕುತ್ತಾರೆ. ಬಾಗಿಲಲ್ಲಿ ಗೆಚೆವ್ ಎದುರಾಗುತ್ತಾರೆ. "ಕೌಂಟರ್ ಬಿಟ್ಟು ಎಲ್ಲಿಗೆ ದೊನ್ಕಾ?"

"ಮೊದಲ ಸರ್ವಿಸಿಗೆ ಸಾರ್."

ಗೆಚೆವ್ ನನ್ನ ಕಪ್ಪು ಬಟ್ಟೆ ನೋಡಿ ದಾರಿ ಬಿಡುತ್ತಾರೆ. ತಿರುಗಿ ನೋಡಿದಾಗ ಅವರೇ ಕೌಂಟರಿನ ಹಿಂದೆ ಹೋಗಿ, ಬಡಿದುಕೊಳ್ಳುತ್ತಿರುವ ಫೋನನ್ನು ಎತ್ತಲೋ ಬೇಡವೋ ಎಂಬಂತೆ ನೋಡುತ್ತಿದ್ದಾರೆ.

ಕಾರಿನಲ್ಲಿ ದೊನ್ಕಾ ಮಂಡಿ ಉಜ್ಜಿಕೊಳ್ಳುತ್ತ ಕೂತಿದ್ದಾರೆ. ಬದುಕಿನಲ್ಲಿ ಏನು ಆಸೆ ಎಂದು ಕೇಳುತ್ತೇನೆ. ಇಂಥ ಲೇಖನಗಳಲ್ಲಿ ಕೇಳುವ ಪ್ರಶ್ನೆ. ವೈಪರು ಆಡುವುದನ್ನು ನೋಡುತ್ತಾರೆ. "ಎರಡು ಫೋನ್ ನಂಬರ್ ಕೊಡ್ಲಿ ನಂಗೆ. ಕಾಸಿಗೊಂದು, ಜೀವಕ್ಕೊಂದು. ಕಾಸಿನದ್ದು ಯಾರೂ ಎತ್ತದೇ ಇದ್ರೂ ಪರವಾಗಿಲ್ಲ." ಅಷ್ಟೇ. ಮನೆ, ಪಿಂಚಣಿ, ಏನೂ ಕೇಳುವುದಿಲ್ಲ.

ಪ್ಲಾಮೆನ್ ಚಾವಣಿಯ ಕೆಳಗೆ ಹೆಲ್ಮೆಟ್ ಹಿಡಿದು ನಿಂತಿದ್ದಾನೆ. ಬೆಳ್ಳಗಾದ ಮೀಸೆಯಿಂದ ನೀರು ತೊಟ್ಟಿಕ್ಕುತ್ತಿದೆ. ಹತ್ತಿರ ಬಂದು ನನ್ನ ತೋಳನ್ನು ಒಮ್ಮೆ ಒತ್ತುತ್ತಾನೆ. "ದೇವರು ಅವನನ್ನ ಕ್ಷಮಿಸಲಿ ಮಗಳೇ." ಸತ್ತವರ ಮನೆಯವರಿಗೆ ಹೀಗೆಯೇ ಹೇಳುವುದು ವಾಡಿಕೆ. ಅವನ ಫೋನ್ ಮತ್ತೆ ಮತ್ತೆ ಬಡಿದುಕೊಳ್ಳುತ್ತಿದೆ. "ಲ್ಯಾಬಿನವರು. ಇನ್ನು ತಡ ಆದ್ರೆ ಮಾದರಿ ಕೆಡುತ್ತೆ. ಕೆಟ್ಟರೆ ಎಲ್ಲರಿಗೂ ಮತ್ತೆ ಸೂಜಿ ಚುಚ್ಬೇಕು. ಒಂದು ಪುಟ್ಟ ಮಗೂದೂ ಇದೆ ಇದರಲ್ಲಿ. ಮೆಲ್ಲಗೆ ಹೋಗ್ತೀನಿ ಬಿಡಿ ದೊನ್ಕಾ."

"ಹೋಗಲ್ಲ ನೀನು. ತಂತಿ ಸಿಕ್ಕಿಸದೆ ಹೋಗಲ್ಲ. ಕೀ ಎಲ್ಲಿ?"

"ಮನೇಲಿ."

"ಮುಚ್ಚಳ ಬಿಚ್ಚೋನು ಕೀನ ಮನೇಲಿ ಇಡ್ತೀಯಾ! ಇರಲಿ, ನನ್ನ ಹತ್ರ ಇದೆ." ದೊನ್ಕಾ ಚೀಲದಲ್ಲಿ ಕೈ ಹಾಕುತ್ತಾರೆ. ಟಾರ್ಚು ಬರುತ್ತದೆ, ಟೇಪು ಬರುತ್ತದೆ, ದಾರ ಸುತ್ತಿದ ಕತ್ತರಿ ಬರುತ್ತದೆ. ಮತ್ತೆ ತಡಕಾಡುತ್ತಾರೆ. "ಡ್ರಾಯರಲ್ಲಿ ಇದ್ದಿದ್ದು ಒಂದೇ... ಯಾರಿಗೋ ಕೊಟ್ಟೆ..." ಕೈ ಚೀಲದೊಳಗೇ ನಿಲ್ಲುತ್ತದೆ. ಯಾರಿಗೆಂದು ನೆನಪಾಗಿದೆ.

ನಾನು ಜೇಬಿನಿಂದ ಕೀ ತೆಗೆಯುತ್ತೇನೆ.

ಕೆಂಪು ಬಿಳಿ ದಾರವನ್ನು ಅವರು ನೋಡುತ್ತಾರೆ. "ಕನ್ನಡಿ ಸಡಿಲಾಗಿದೆ, ಬಿಗಿ ಮಾಡ್ಕೊಂಡು ವಾಪಸ್ ಕೊಡ್ತೀನಿ ಅಂದ. ಕನ್ನಡಿಗೆ ಅಂದ, ಇಸ್ಕ್ರಾ."

"ಗೊತ್ತು. ಮೊದಲು ಇದನ್ನ ಮುಗಿಸಿ" ಎನ್ನುತ್ತೇನೆ.

ದೊನ್ಕಾ ಒಳ್ಳೆಯ ಮಂಡಿಯನ್ನು ಒದ್ದೆ ನೆಲಕ್ಕೂರಿ ಕೂರುತ್ತಾರೆ. ನಾನು ಟಾರ್ಚು ಹಿಡಿಯುತ್ತೇನೆ. ಒದ್ದೆಗೆ ಕೀ ಒಮ್ಮೆ ಜಾರುತ್ತದೆ. ಎರಡನೇ ಸಲ ಕೂರುತ್ತದೆ. ಮುಚ್ಚಳ ತೆಗೆದು, ತಂತಿಯ ತುದಿಯನ್ನು ಒಣ ಬಟ್ಟೆಯಲ್ಲಿ ಒರೆಸಿ, ಅದರ ಜಾಗಕ್ಕೆ ಒತ್ತುತ್ತಾರೆ. ಟಕ್ ಎಂದು ಸಣ್ಣ ಸದ್ದು. ಅದು ಕೇಳಿದ ಮೇಲೂ ಎಳೆದು ನೋಡುತ್ತಾರೆ. ಮತ್ತೊಮ್ಮೆ ಎಳೆದು ನೋಡುತ್ತಾರೆ. ಮುಚ್ಚಳ ಬಿಗಿದು, ದೀಪದ ಮೇಲಿನ ಟೇಪನ್ನು ಉಗುರಿನಿಂದ ಕಿತ್ತು ಕೋಟಿನ ತೋಳಿಗೆ ಅಂಟಿಸಿಕೊಳ್ಳುತ್ತಾರೆ.

ಗಾಡಿ ಸ್ಟಾರ್ಟ್ ಆಗುತ್ತದೆ. ಕಿತ್ತಳೆ ದೀಪ ಉರಿಯುತ್ತಿದೆ. ಗಾಡಿ ಉರುಳಿದರೆ ಮಾತ್ರ ಆರುತ್ತದೆಯೋ ಇಲ್ಲವೋ ಗೊತ್ತಾಗುವುದು. "ಈ ಬದಿಗೆ, ಸಮ ಇರೋ ಕಡೆ, ನಡೆಯೋಷ್ಟೇ ವೇಗದಲ್ಲಿ ಹೋಗು" ಎನ್ನುತ್ತಾರೆ ದೊನ್ಕಾ. ಪ್ಲಾಮೆನ್ ಔಷಧದಂಗಡಿಯ ಮುಂದಿನ ಸಮತಟ್ಟಾದ ಜಾಗದಲ್ಲಿ ಎರಡೂ ಕಾಲು ನೆಲಕ್ಕೆ ತಾಗಿಸುತ್ತ ಹೋಗುತ್ತಾನೆ. ದೊನ್ಕಾ ನನ್ನ ಮುಂಗೈ ಹಿಡಿದಿದ್ದಾರೆ. ಬೆಳಿಗ್ಗೆ ಆ ಹುಡುಗಿಯದು ಹಿಡಿದ ಹಾಗೆ, ಆದರೆ ನೋವಾಗುವಷ್ಟು. ಅವನ ಬೆನ್ನು ಮಾತ್ರ ನಮಗೆ ಕಾಣುತ್ತಿದೆ.

"ಆರ್ತು!" ಎಂದು ಅಲ್ಲಿಂದ ಕೂಗುತ್ತಾನೆ.

ದೊನ್ಕಾ ಕೈ ಸಡಿಲಿಸುತ್ತಾರೆ. ಅವನು ತಿರುಗಿ ಬಂದಾಗ ಗದರುತ್ತಾರೆ: "ಬುಧವಾರ ಬೆಳಿಗ್ಗೆ ಮೊದಲನೇ ಸರದಿ ಖಾಲಿ ಇದೆ. ಅಲ್ಲೀವರೆಗೆ ಸಾವಿರ ದಾಟಿದ್ರೂ ಮುದ್ರೆ ನಾನು ಒತ್ತಿಸ್ತೀನಿ, ಗೆಚೆವ್ ಹತ್ರ ನಾನು ಮಾತಾಡ್ತೀನಿ." ಆಮೇಲೆ, ಆ ಸರದಿ ಯಾರದೆಂದು ನನಗೂ ಗೊತ್ತಿರುವುದರಿಂದ, ನನ್ನ ಕಡೆ ನೋಡುತ್ತಾರೆ. ನಮ್ಮಲ್ಲಿ ಹೌದೆನ್ನಲು ಮಾಡುವಂತೆ ನಾನು ತಲೆಯನ್ನು ಅಡ್ಡಡ್ಡ ಆಡಿಸುತ್ತೇನೆ.

"ಇದಕ್ಕೆ ಶುಲ್ಕ ಎಷ್ಟು?" ಎನ್ನುತ್ತಾನೆ ಪ್ಲಾಮೆನ್. ಹೆಲ್ಮೆಟ್ ಹಾಕಿಕೊಳ್ಳುತ್ತಾನೆ.

"ಇನ್ನು ಮುಂದೆ ಫೋನ್ ಎತ್ತು. ಅದೇ ಶುಲ್ಕ."

ಅವನು ಇಳಿಜಾರು ಇಳಿಯುತ್ತಾನೆ. ಹಳಿಯ ಹತ್ತಿರ ನಿಧಾನಿಸಿ, ನೇರವಾಗಿ ದಾಟಿ, ಆಚೆ ಹೋಗುತ್ತಾನೆ. ಕಾಣದಾಗುವವರೆಗೆ ದೊನ್ಕಾ ಕದಲುವುದಿಲ್ಲ. ನೀರು ಸುರಿಯಲು ಜಗ್ಗು ತಂದಿಲ್ಲ. ಮಳೆಯೇ ಅವನ ದಾರಿಯುದ್ದಕ್ಕೂ ಸುರಿಯುತ್ತಿದೆ.

ಅವರು ಕೀಯನ್ನು ಶಾಲಿನ ತುದಿಯಿಂದ ಒರೆಸುತ್ತಾರೆ. ದಾರದ ತುದಿ ಬಿಚ್ಚಿಕೊಂಡಿದೆ, ಮತ್ತೆ ಸುತ್ತಿ ಗಂಟು ಹಾಕುತ್ತಾರೆ. ನನ್ನ ಕಡೆ ಚಾಚುತ್ತಾರೆ. "ನೀನಿಟ್ಕೋ. ಅವನ ಜೇಬಲ್ಲಿ ಇದ್ದಿದ್ದು. ನಂಗೆ ಇದನ್ನ ಡ್ರಾಯರಲ್ಲಿ ನೋಡೋಕಾಗಲ್ಲ."

"ನಾಳೆ ಯಾರಿಗಾದ್ರೂ ಮುಚ್ಚಳ ಹಾಕೋಕೆ ಬೇಕಾಗುತ್ತೆ, ಲೆಲ್ಯಾ."

ನಾನು ಕೀಯನ್ನು ತೆಗೆದುಕೊಂಡು, ಅವರ ಒದ್ದೆ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚುತ್ತೇನೆ.

"ಕೆಲಸ ಮುಗಿದ ಮೇಲೆ ವಾಪಸ್ ಕೊಡ್ತೀನಿ ಅಂತ ಹೇಳಿ ಆಸೆನ್ ತಗೊಂಡಿದ್ನಲ್ಲ" ಎನ್ನುತ್ತೇನೆ. "ತಗೊಳ್ಳಿ."